‘ಜರ್ನಿಮನ್’ ಪದಕ್ಕೆ ಕನ್ನಡದಲ್ಲಿ ಏನನ್ನೋಣ? ದಿನಗೂಲಿ, ಅಲೆಮಾರಿ, ತಿರುಗಾಟ

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಒಂದು ಪದ ನನ್ನನ್ನು ಎರಡು ವಾರಗಳಿಂದ ಸತಾಯಿಸುತ್ತಿದೆ. ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಬೇಸ್‌ಬಾಲ್ ಬಗ್ಗೆ ಲೇಖನ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಓದುವವರು ಬಹುಪಾಲು ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದ ಹಿರಿಯರು. ಬೇಸಿಗೆಯ ಸಂಜೆ ಮೊಮ್ಮಕ್ಕಳ ಪಕ್ಕ ಕುಳಿತು, ಟಿ.ವಿ.ಯಲ್ಲಿ ನಡೆಯುತ್ತಿರುವುದು ಕ್ರಿಕೆಟ್ಟೂ ಅಲ್ಲ, ಲಗೋರಿಯೂ ಅಲ್ಲ, ಮತ್ತೇನು ಎಂದು ಬೆರಗಾಗುವವರು. ಅವರಿಗೆ ನಿಯಮಗಳ ಪಾಠ ಮಾಡುವುದಕ್ಕಿಂತ ಒಬ್ಬ ಆಟಗಾರನ ಕಥೆ ಹೇಳುವುದು ಮೇಲು ಎಂದುಕೊಂಡು, ತಂಡದಿಂದ ತಂಡಕ್ಕೆ ಹೋಗುತ್ತಲೇ ಇದ್ದ ಟಾಡ್ ಜೀಲ್ ಅವರನ್ನು ಆರಿಸಿಕೊಂಡೆ. ಮೊದಲ ವಾಕ್ಯದಲ್ಲೇ ಕಾಲು ಸಿಕ್ಕಿಕೊಂಡಿತು. ಅಂಥವರನ್ನು ಇಲ್ಲಿನವರು ಕರೆಯುವುದು ‘ಜರ್ನಿಮನ್ ಇನ್‌ಫೀಲ್ಡರ್’ ಎಂದು. ಇರುವುದು ಎರಡೇ ಪದ, ಎರಡರಲ್ಲೂ ಮುಳ್ಳು.

ಚಿಕ್ಕ ಮುಳ್ಳನ್ನು ಮೊದಲು ತೆಗೆಯುತ್ತೇನೆ. ಬೇಸ್‌ಬಾಲ್ ಅಂಗಳದಲ್ಲಿ ತೊಂಬತ್ತು ಅಡಿಗೊಂದರಂತೆ ನಾಲ್ಕು ನೆಲೆಗಳಿರುವ ಚೌಕವಿದೆ. ಅದರ ಆಸುಪಾಸಿನಲ್ಲಿ ನಿಂತು ಚೆಂಡು ಹಿಡಿಯುವವರು ಇನ್‌ಫೀಲ್ಡರ್‌ಗಳು. ನನಗೆ ಕೈಗೆ ಸಿಕ್ಕಿದ ಒಂದು ಅನುವಾದದಲ್ಲಿ ಇದು ‘ಒಳಾಂಗಣ ಆಟಗಾರ’ ಆಗಿತ್ತು. ಓದಿದವರು ಸೂರಿನ ಕೆಳಗೆ ಷಟಲ್ ಆಡುವವನನ್ನು ನೆನೆಯುತ್ತಾರೆಯೇ ಹೊರತು ಬಿಸಿಲಲ್ಲಿ ಮಣ್ಣು ಮೆತ್ತಿಕೊಂಡು ನಿಂತವನನ್ನಲ್ಲ. ‘ಕ್ಷೇತ್ರರಕ್ಷಕ’ ಎಂಬ ಪದವನ್ನು ಪತ್ರಿಕೆಗಳು ಕ್ರಿಕೆಟ್‌ಗಾಗಿ ಆಗಲೇ ಪಳಗಿಸಿವೆ. ಆದ್ದರಿಂದ ‘ಒಳಗಣ ಕ್ಷೇತ್ರರಕ್ಷಕ’ ಎಂದು ಒಮ್ಮೆ ಹೇಳಿ, ಅಲ್ಲಿಂದ ಮುಂದೆ ಇನ್‌ಫೀಲ್ಡರ್ ಎಂದೇ ಬರೆಯುತ್ತೇನೆ. ಇದಕ್ಕೆ ಯಾರದಾದರೂ ತಕರಾರಿದ್ದರೆ ತಿಳಿಸಿ, ಆದರೆ ನನ್ನ ನಿದ್ದೆ ಕೆಡಿಸಿರುವುದು ಇದಲ್ಲ.

ಕೆಡಿಸಿರುವುದು ‘ಜರ್ನಿಮನ್’. ಪದ ಕೇಳಿದ ತಕ್ಷಣ ಪ್ರಯಾಣ ಎಂದುಕೊಂಡು ‘ಸಂಚಾರಿ ಆಟಗಾರ’ ಎಂದು ಬರೆದುಬಿಟ್ಟಿದ್ದೆ. ಆಮೇಲೆ ನಿಘಂಟು ತೆರೆದರೆ ಅಲ್ಲಿ ಪ್ರಯಾಣವೇ ಇಲ್ಲ. ಫ್ರೆಂಚಿನ ‘ಜೂರ್ನೆ’ ಎಂದರೆ ಒಂದು ದಿನ, ಒಂದು ದಿನದ ದುಡಿಮೆ. ಮಧ್ಯಯುಗದ ಯೂರೋಪಿನ ಕಸುಬುದಾರರ ಸಂಘಗಳಲ್ಲಿ ಕಲಿಯಲು ಸೇರಿದ ಹುಡುಗನೊಬ್ಬ, ಸ್ವಂತ ಅಂಗಡಿ ಇಟ್ಟ ಗುರುವೊಬ್ಬ, ಇವರಿಬ್ಬರ ನಡುವೆ ಕೆಲಸ ಪೂರ್ತಿ ಕಲಿತಿದ್ದರೂ ಇನ್ನೊಬ್ಬರ ಅಂಗಡಿಯಲ್ಲಿ ದಿನದ ಲೆಕ್ಕಕ್ಕೆ ದುಡಿಯುವವನೊಬ್ಬ. ಈ ನಡುವಿನವನೇ ಜರ್ನಿಮನ್. ನಮ್ಮ ಮನೆ ಕಟ್ಟುವ ಜಾಗದಲ್ಲಿ ಕೈಯಾಳು ಮತ್ತು ಮೇಸ್ತ್ರಿ ಇವರ ನಡುವೆ ಕರಣೆ ಹಿಡಿದು ಗೋಡೆ ಎಬ್ಬಿಸುವ ಗಾರೆಯವನಂತೆ. ‘ಜರ್ನಿ’ ಎಂಬುದೂ ಹುಟ್ಟಿದ್ದು ಇದೇ ಬೇರಿನಿಂದ. ಮೊದಲಿಗೆ ಅದರ ಅರ್ಥ ಒಂದು ದಿನದ ಹಾದಿ, ಅಷ್ಟೇ. ಅಂದರೆ ಪ್ರಯಾಣವೂ ಕೂಲಿಯೂ ಒಂದೇ ಹಗಲಿನ ಇಬ್ಬರು ಮಕ್ಕಳು.

ಇಷ್ಟು ತಿಳಿದ ಮೇಲೆ ‘ದಿನಗೂಲಿ ಆಟಗಾರ’ ಎಂದು ಬರೆಯುವ ಆಸೆಯಾಯಿತು. ಬೇರಿಗೆ ಬೇರು ಕೂಡುತ್ತದೆ. ಆದರೆ ಲಕ್ಷಾಂತರ ಡಾಲರ್ ಸಂಬಳದವನನ್ನು ದಿನಗೂಲಿ ಎಂದರೆ ಓದುಗರು ನನ್ನ ತಲೆಯ ಸ್ವಾಸ್ಥ್ಯವನ್ನು ಶಂಕಿಸುತ್ತಾರೆ. ಅದಲ್ಲದೆ ಇಂದಿನ ಇಂಗ್ಲಿಷ್ ಮಾತುಗಾರನ ಕಿವಿಗೆ ಆ ಪದದಲ್ಲಿ ಕೇಳಿಸುವುದು ತಂಡದಿಂದ ತಂಡಕ್ಕೆ ಓಡಾಟ, ಜೊತೆಗೆ ‘ತಾರೆಯಲ್ಲ, ಆದರೆ ಕೆಲಸ ಬಲ್ಲವನು’ ಎಂಬ ಅರೆ ಹೊಗಳಿಕೆ. ಬೇರು ಏನೇ ಹೇಳಲಿ, ಪದದ ಅರ್ಥ ಆಡುವವರ ಬಾಯಲ್ಲಿದೆ.

ಈಗ ಆಟಗಾರನ ಕಥೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಯಾವ ಪದ ಒಪ್ಪುತ್ತದೆ ಎಂದು ನೀವು ತೂಗುವುದಾದರೂ ಹೇಗೆ? ಕ್ಯಾಲಿಫೋರ್ನಿಯಾದ ಜೀಲ್ 1989ರಲ್ಲಿ ಸೇಂಟ್ ಲೂಯಿ ಕಾರ್ಡಿನಲ್ಸ್ ಪರ ಆಡಲು ಬಂದದ್ದು ಕ್ಯಾಚರ್ ಆಗಿ, ಅಂದರೆ ದಾಂಡಿಗನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂರುವವನಾಗಿ. 1990ರಲ್ಲಿ ತಂಡದ ಹೊಣೆ ಹೊತ್ತ ಜೋ ಟೋರಿ, ಜೀಲ್ ಅವರನ್ನು ಅಲ್ಲಿಂದ ಎಬ್ಬಿಸಿ ಮೂರನೆಯ ನೆಲೆಗೆ ಕಳುಹಿಸಿದರು. ಟೋರಿ ತಾವೂ ಆಡುವ ಕಾಲದಲ್ಲಿ ಕ್ಯಾಚರ್ ಆಗಿದ್ದು ಮೂರನೆಯ ನೆಲೆಗೆ ಹೋದವರು. 1995ರಲ್ಲಿ ಷಿಕಾಗೊ ಕಬ್ಸ್. 1996ರಲ್ಲಿ ಫಿಲಡೆಲ್ಫಿಯಾ, ಅದೇ ಆಗಸ್ಟ್ ಕೊನೆಗೆ ಬಾಲ್ಟಿಮೋರ್. 1997ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್. 1998ರ ಮೇ ತಿಂಗಳಲ್ಲಿ ಮೈಕ್ ಪಿಯಾಜಾ ಎಂಬ ಮಹಾತಾರೆಯ ಜೊತೆ ಫ್ಲಾರಿಡಾಕ್ಕೆ ರವಾನೆ. ಪಿಯಾಜಾ ಒಂದೇ ವಾರದಲ್ಲಿ ಅಲ್ಲಿಂದಲೂ ಹೊರಟರು. ಜೀಲ್ ಜುಲೈ ಕೊನೆಯವರೆಗಿದ್ದು ಟೆಕ್ಸಸ್‌ಗೆ ಹೋದರು. 2000ದಲ್ಲಿ ನ್ಯೂಯಾರ್ಕ್ ಮೆಟ್ಸ್ ಸೇರಿದಾಗ ಅಲ್ಲಿ ಮತ್ತೆ ಪಿಯಾಜಾ! ಈ ಬಾರಿ ಜೀಲ್ ನಿಂತದ್ದು ಮೊದಲನೆಯ ನೆಲೆಯಲ್ಲಿ. ಆಮೇಲೆ ಕೊಲೊರಾಡೊ, 2003ರಲ್ಲಿ ಟೋರಿಯವರ ಕೈಕೆಳಗೇ ಯಾಂಕೀಸ್, ಅದೇ ವರ್ಷ ಅಲ್ಲಿಂದ ಬಿಡುಗಡೆಯಾಗಿ ಮಾಂಟ್ರಿಯಲ್ ಎಕ್ಸ್‌ಪೋಸ್, 2004ರಲ್ಲಿ ಮರಳಿ ಮೆಟ್ಸ್. ಹದಿನಾರು ವರ್ಷ, ಹನ್ನೊಂದು ತಂಡ, ಹನ್ನೊಂದರ ಪರವಾಗಿಯೂ ಹೋಮ್ ರನ್, ಅಂದರೆ ಚೆಂಡನ್ನು ಬೇಲಿಯಾಚೆ ಅಟ್ಟುವ ಹೊಡೆತ.

ಇದರ ನಡುವೆ ನನಗೆ ಬಹಳ ಇಷ್ಟವಾದ ಚಿತ್ರವೊಂದಿದೆ. 1996ರ ಸೆಪ್ಟೆಂಬರಿನ ಬಾಲ್ಟಿಮೋರ್ ಅಂಗಳ. ಮೂರನೆಯ ನೆಲೆಯಲ್ಲಿ ಜೀಲ್, ಎರಡು ವರ್ಷದೊಳಗೆ ನಾಲ್ಕನೆಯ ಅಂಗಿ ತೊಟ್ಟವರು. ಕೆಲವೇ ಹೆಜ್ಜೆ ಆಚೆ, ಎರಡನೆಯ ಮತ್ತು ಮೂರನೆಯ ನೆಲೆಗಳ ನಡುವಿನ ಷಾರ್ಟ್‌ಸ್ಟಾಪ್ ಸ್ಥಾನದಲ್ಲಿ ಕಾಲ್ ರಿಪ್ಕೆನ್, 21 ಋತುಗಳನ್ನೂ ಆ ಒಂದೇ ತಂಡಕ್ಕೆ ಆಡಿದವರು, ಸತತ 2,632 ಪಂದ್ಯ ತಪ್ಪಿಸದವರು. ಇಬ್ಬರೂ ಇನ್‌ಫೀಲ್ಡರ್‌ಗಳೇ. ಒಬ್ಬರು ಸ್ಥಾವರ, ಒಬ್ಬರು ಜಂಗಮ ಎಂದು ಬರೆದು, ಕ್ಷಣಕಾಲ ಹಿಗ್ಗಿ, ಹೊಡೆದುಹಾಕಿದೆ. ನಮ್ಮಲ್ಲಿ ಜಂಗಮಕ್ಕೆ ಇರುವ ತೂಕವೇ ಬೇರೆ. ಅದನ್ನು ತಂದು ಚೆಂಡಾಟದವನ ಹೆಗಲಿಗೆ ಹಾಕುವುದು ಉಡಾಫೆಯಾದೀತು.

ಹಾಗಾದರೆ ಉಳಿದದ್ದೇನು? ‘ಅಲೆಮಾರಿ’ ಒಪ್ಪುವುದಿಲ್ಲ. ಅಲೆಮಾರಿ ತನ್ನ ಕಾಲ ಮೇಲೆ ತಾನೇ ಹೋಗುತ್ತಾನೆ. ಜೀಲ್ ಅವರ ಹನ್ನೊಂದು ಹೊರಡಾಟಗಳಲ್ಲಿ ಐದು ತಂಡಗಳ ನಡುವಿನ ಅದಲುಬದಲು. ಆಟಗಾರನಿಗೆ ಕರೆ ಬರುತ್ತದೆ, ಆತ ಗಂಟುಮೂಟೆ ಕಟ್ಟುತ್ತಾನೆ. ಹೀಗೆ ತನ್ನ ಇಚ್ಛೆ ಇಲ್ಲದೆ ಸಾಗುವುದಕ್ಕೆ ನಮ್ಮಲ್ಲಿ ಬಲು ಹದವಾದ ಮಾತಿದೆ, ‘ವರ್ಗವಾಯಿತು’. ಬ್ಯಾಂಕಿನವರ, ಪೊಲೀಸರ, ಮೇಷ್ಟರ ಮನೆಗಳಲ್ಲಿ ಬೆಳೆದವರಿಗೆ ಆ ಒಂದೇ ಕ್ರಿಯಾಪದದಲ್ಲಿ ಟ್ರಂಕು, ಹೊಸ ಶಾಲೆ, ಹಳೆಯ ಗೆಳೆಯರು ಎಲ್ಲ ಕಾಣುತ್ತವೆ. ಪತ್ರಿಕೆಗಳು ಫುಟ್‌ಬಾಲ್ ಆಟಗಾರರಿಗೂ ‘ವರ್ಗಾವಣೆ’ ಎಂದೇ ಬರೆಯುತ್ತವೆ. ಕ್ರಿಯೆಗೆ ಇದನ್ನು ಬಳಸಿಕೊಳ್ಳುತ್ತೇನೆ. ಆದರೆ ಮನುಷ್ಯನನ್ನು ಕರೆಯುವುದಕ್ಕೆ ಇದರಿಂದ ಹೆಸರು ಹುಟ್ಟುವುದಿಲ್ಲ. ‘ವರ್ಗಾವಣಿಗ’ ಎಂದು ಯಾರಾದರೂ ಸೂಚಿಸುವ ಮುನ್ನವೇ ಕೈ ಮುಗಿಯುತ್ತೇನೆ.

ಐಪಿಎಲ್ ಬಂದ ಮೇಲೆ ‘ಬಿಕರಿ’ ಎಂಬ ಮಾತು ಕ್ರೀಡಾಪುಟದಲ್ಲಿ ಸಲೀಸಾಗಿ ಓಡಾಡುತ್ತಿದೆ. ಒಂಬತ್ತು ತಂಡ ಸುತ್ತಿದ ಆಸ್ಟ್ರೇಲಿಯಾದ ಆರನ್ ಫಿಂಚ್, ಆರು ತಂಡ ಕಂಡ ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಇವರ ಬಗ್ಗೆ ಬರೆಯುವಾಗ ಯಾವ ವಿಶೇಷಣ ಬಳಸಿದ್ದೇವೆ ಎಂದು ಹಳೆಯ ಕತ್ತರಿಕೆಗಳಲ್ಲಿ ಹುಡುಕಿದೆ. ‘ಹಲವು ತಂಡಗಳನ್ನು ಪ್ರತಿನಿಧಿಸಿದ’ ಎಂಬ ಮರದಂಥ ಮಾತು ಬಿಟ್ಟರೆ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ.

‘ಏಳು ಕೆರೆಯ ನೀರು ಕುಡಿದವನು’ ನಾಲಿಗೆಗೆ ಸುಖವಾಗಿದೆ. ಜೀಲ್ ಕುಡಿದದ್ದು ಹನ್ನೊಂದು ಕೆರೆ. ಆದರೆ ಅದರಲ್ಲಿ ಅನುಭವಕ್ಕಿಂತ ಚಾಲಾಕಿತನದ ವಾಸನೆ ಹೆಚ್ಚು ಬರುತ್ತದೆ ಎಂದು ನನ್ನ ಅನಿಸಿಕೆ. ಹೆಣ್ಣು ಕೊಡುವವರು ವಿಚಾರಿಸುವಾಗ ಆ ಮಾತು ಕಿವಿಗೆ ಬಿದ್ದರೆ ಎದ್ದು ಹೋಗುತ್ತಾರೆ. ಇನ್ನು ‘ಗುಳೆ’. ವಿಚಿತ್ರವೆಂದರೆ ಕೂಲಿ ಮತ್ತು ಪಯಣ, ಜರ್ನಿಮನ್ ಪದದ ಹಳೆಯ ಅರ್ಥವೂ ಹೊಸ ಅರ್ಥವೂ ಒಟ್ಟಿಗೆ ಇರುವ ಕನ್ನಡ ಪದ ಅದೊಂದೇ. ಆದರೆ ಬರಗಾಲದಲ್ಲಿ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಬಸ್ ಹತ್ತುವವರಿಗೆ ಸೇರಿದ ಪದ ಅದು. ಅದನ್ನು ಎರವಲು ತರಲು ನನಗೆ ಮನಸ್ಸಿಲ್ಲ.

ಕೊನೆಗೆ ಕರಾವಳಿಯ ಗೆಳೆಯರೊಬ್ಬರು ಫೋನಿನಲ್ಲಿ ಯಾರೋ ಯಕ್ಷಗಾನ ಕಲಾವಿದರ ವಿಷಯ ಹೇಳುತ್ತಾ, ‘ಆ ಮೇಳದಲ್ಲಿ ಏಳು ತಿರುಗಾಟ, ಈ ಮೇಳದಲ್ಲಿ ನಾಲ್ಕು ತಿರುಗಾಟ’ ಎಂದರು. ಕಿವಿ ನೆಟ್ಟಗಾಯಿತು. ನಾನು ಬಯಲುಸೀಮೆಯವನು, ನಮ್ಮಲ್ಲಿ ತಿರುಗುವುದು ಎಂದರೆ ಬೀದಿ ತಿರುಗುವುದು, ಅಪ್ಪನ ಬಾಯಲ್ಲಿ ಅದು ಬೈಗುಳ. ಅಲ್ಲಿ ಅದು ಲೆಕ್ಕಕ್ಕೆ ಸಿಗುವ ನಾಮಪದ! ದೀಪಾವಳಿಯ ಹೊತ್ತಿಗೆ ಹೊರಟು, ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗಿನ ಒಂದಿಡೀ ಋತು ಒಂದು ತಿರುಗಾಟ. ಬೇಸ್‌ಬಾಲಿನ ಋತುವೂ ಅಂಥದ್ದೇ, ವಸಂತದಲ್ಲಿ ಶುರುವಾಗಿ ಊರಿಂದ ಊರಿಗೆ 162 ಪಂದ್ಯ. ಮೇಳ ಬದಲಿಸುವುದು, ಯಜಮಾನರು ಬದಲಾಗುವುದು, ಬೇಕಾದಾಗ ಬೇರೆ ವೇಷ ಕಟ್ಟುವುದು, ಎಲ್ಲವೂ ಇದೆ. ಕ್ಯಾಚರ್ ಆಗಿ ಬಂದು, ಮೂರನೆಯ ನೆಲೆಗೆ ಹೋಗಿ, ಮೊದಲನೆಯದಕ್ಕೆ ದಾಟಿದ ಜೀಲ್ ಕಟ್ಟಿದ ಮುಖ್ಯ ವೇಷಗಳೂ ಮೂರು. ‘ಹನ್ನೊಂದು ಮೇಳ, ಹದಿನಾರು ತಿರುಗಾಟ’ ಎಂದು ಬರೆದು ನೋಡಿದೆ. ವಿವರಣೆಯೇ ಬೇಡವೆನಿಸಿತು.

ಆದರೂ ಮುದ್ರಣಕ್ಕೆ ಕೊಡುವ ಮೊದಲು ಕರಾವಳಿಯವರನ್ನು ಕೇಳಲೇಬೇಕಾದ ಕೆಲವು ಸಂದೇಹಗಳಿವೆ. ಋತುವಿನ ನಡುವೆ ಮೇಳ ಬಿಟ್ಟವರಿಗೆ ಆ ವರ್ಷ ಅರ್ಧ ತಿರುಗಾಟವೋ, ಅಥವಾ ಲೆಕ್ಕಕ್ಕೇ ಇಲ್ಲವೋ? ಜೀಲ್ ಒಂದೇ ಋತುವಿನಲ್ಲಿ ಎರಡು ತಂಡ ಕಂಡದ್ದು ಒಂದೆರಡು ಸಲವಲ್ಲ, 1998ರಲ್ಲಿ ಮೂರು ತಂಡ. ಹಲವು ಮೇಳ ಸುತ್ತಿದ ಕಲಾವಿದರಿಗೆಂದೇ ನಿಮ್ಮಲ್ಲಿ ಬೇರೆ ಹೆಸರಿದೆಯೇ, ಇದ್ದರೆ ಅದರಲ್ಲಿ ಗೌರವವಿದೆಯೋ ಕೊಂಕಿದೆಯೋ? ‘ತಿರುಗಾಟದ ಆಟಗಾರ’ ಎಂದರೆ ನಿಮ್ಮ ಕಿವಿಗೆ ಯಕ್ಷಗಾನದ ಆಟವೇ ಕೇಳಿಸಿ ಗೊಂದಲವಾಗುತ್ತದೆಯೇ? ಯಕ್ಷಗಾನದ ಬಡಗುತಿಟ್ಟಿನವರೂ ತೆಂಕುತಿಟ್ಟಿನವರೂ ಇದನ್ನು ಒಂದೇ ಅರ್ಥದಲ್ಲಿ ಬಳಸುತ್ತಾರೆಯೇ?

ಸಂಪಾದಕರು ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಲೇಖನದ ಕೊನೆಯ ಭಾಗಕ್ಕೆ ಪದದ ತೊಂದರೆ ಇಲ್ಲ, ಅದು ತಾನಾಗಿಯೇ ಬರೆಸಿಕೊಂಡಿತು. 2004ರ ಅಕ್ಟೋಬರ್ 3, ನ್ಯೂಯಾರ್ಕಿನ ಷೇ ಕ್ರೀಡಾಂಗಣ. ಜೀಲ್ ಅವರ ಕಡೆಯ ಪಂದ್ಯ. ಎದುರಾಳಿ ಹಿಂದಿನ ವರ್ಷ ತಾವೇ ಆಡಿದ್ದ ಎಕ್ಸ್‌ಪೋಸ್. ಆ ಹೆಸರಿನಲ್ಲಿ ಎಕ್ಸ್‌ಪೋಸ್ ತಂಡಕ್ಕೂ ಅದೇ ಕಡೆಯ ಪಂದ್ಯ, ಮುಂದಿನ ವರ್ಷ ಇಡೀ ತಂಡವೇ ವಾಷಿಂಗ್ಟನ್‌ಗೆ ವರ್ಗವಾಯಿತು. ಮೂವತ್ತೊಂಬತ್ತರ ಜೀಲ್ ಅಂದು ಮತ್ತೆ ಕ್ಯಾಚರ್‌ನ ಮುಖಕವಚ ತೊಟ್ಟು ದಾಂಡಿಗನ ಹಿಂದೆ ಕುಕ್ಕರಿಸಿದರು, ತಮ್ಮ ಕೊನೆಯ ಸರದಿಯಲ್ಲಿ ಚೆಂಡನ್ನು ಬೇಲಿಯಾಚೆ ಹೊಡೆದರು.