ಮೀಡಿಯಾವಿಕಿಲಿ (ವಿಕಿಪೀಡಿಯ ನಡೆಯೋ ತಂತ್ರಾಂಶ) ಎರಡು ವರ್ಗಕ್ಕೂ ಸೇರಿರೋ ಪುಟಗಳ ಪಟ್ಟಿ ತಾನಾಗೇ ಬರೋ ಹಾಗೆ ಮಾಡೋದು ಹೇಗೆ?

ಗದ್ದೆಬದು:
ನಮಸ್ಕಾರ ಎಲ್ರಿಗೂ. ನಾವೊಂದಿಷ್ಟು ಜನ ಸೇರ್ಕೊಂಡು ನಾಟಿ ಭತ್ತದ ತಳಿಗಳದ್ದು ಒಂದು ವಿಕಿ ನಡೆಸ್ತಿದೀವಿ, ತಳಿಗೊಂದು ಪುಟ, ಕೆಳಗೆ ವರ್ಗಗಳು. ಕಗ್ಗ "ಉಪ್ಪುನೀರು ತಡೆಯೋ ತಳಿಗಳು" ಮತ್ತೆ "ಉತ್ತರ ಕನ್ನಡ" ಎರಡರಲ್ಲೂ ಇದೆ, ಗಂಧಸಾಲೆ "ಪರಿಮಳದ ಅಕ್ಕಿ"ಲಿ, ಹೀಗೆ. ಜಿಲ್ಲೆವಾರು ಪಟ್ಟಿನೂ ಇದೆ ಆದ್ರೆ ಎಲ್ಲಾ ಕೈಯಲ್ಲೇ ಬರೆದಿರೋದು, ಯಾರಾದ್ರೂ ಹೊಸ ತಳಿ ಹಾಕಿದ್ರೆ ಪಟ್ಟಿಗೆ ಸೇರೋದೇ ಇಲ್ಲ. ವರ್ಗದ ಪುಟದಲ್ಲಿ ಬರೀ ಹೆಸರು, ಅದೂ ಒಂದೇ ವರ್ಗದ್ದು. ಬೀಜ ಹುಡುಕ್ಕೊಂಡು ಬರೋ ರೈತರಿಗೆ ಗಜನಿ ಗದ್ದೆಗೆ (ಕರಾವಳಿಲಿ ಉಪ್ಪುನೀರು ನುಗ್ಗೋ ಗದ್ದೆ) ಯಾವುದು ಆಗುತ್ತೆ, ಎಷ್ಟು ದಿನದ ಬೆಳೆ ಅಂತ ಒಂದೇ ಕಡೆ ಸಿಗ್ಬೇಕು.

ಪೈಪ್‌ಲೈನ್:
ಡಿಪಿಎಲ್3 (ಡೈನಾಮಿಕ್‌ಪೇಜ್‌ಲಿಸ್ಟ್3) ಎಕ್ಸ್‌ಟೆನ್ಷನ್ ಹಾಕಿ ಸರ್, ಅಂದ್ರೆ ಪುಟಗಳ ಪಟ್ಟಿ ತಾನಾಗೇ ಮಾಡೋ ಹೆಚ್ಚುವರಿ ತಂತ್ರಾಂಶ. ಅದರ ಕೋಡಲ್ಲಿ ಕ್ಯಾಟಗರಿ (category=) ಅನ್ನೋ ಸಾಲನ್ನ ಎರಡು ಸಲ ಬರೆದ್ರೆ ಎರಡೂ ವರ್ಗದಲ್ಲಿರೋ ಪುಟ ಮಾತ್ರ ಬರುತ್ತೆ, ಒಂದೇ ಸಾಲಲ್ಲಿ ಮಧ್ಯೆ ಪೈಪ್ (| ಗೆರೆ) ಹಾಕಿದ್ರೆ ಯಾವುದಾದ್ರೂ ಒಂದರಲ್ಲಿ ಇದ್ರೂ ಬರುತ್ತೆ, ಇಲ್ಲೇ ಬಹಳ ಜನ ತಪ್ಪೋದು. ಇನ್‌ಕ್ಲೂಡ್ (include=) ಅಂತ ಕೊಟ್ಟು ಇನ್ಫೋಬಾಕ್ಸಿಂದ (ಪುಟದಲ್ಲಿರೋ ಮಾಹಿತಿ ಚೌಕ) "ಅವಧಿ"ನೂ ಎಳ್ಕೊಂಡು ಟೇಬಲ್ ಮಾಡ್ಬಹುದು. ಡೀಫಾಲ್ಟಾಗಿ 4 ವರ್ಗ, 500 ಪುಟದ ಮಿತಿ ಇರುತ್ತೆ, ನಿಮಗೆ ಸಾಕು.

ತುಂಗಾತೀರ:
ಅದಕ್ಕಿಂತ ಮುಂಚೆ ಒಂದು ಕೆಲಸ ಮಾಡಿ, ದಯವಿಟ್ಟು. ವರ್ಗಗಳನ್ನ ಪುಟದಲ್ಲಿ ಟೈಪ್ ಮಾಡ್ಬೇಡಿ, ಇನ್ಫೋಬಾಕ್ಸ್ ಟೆಂಪ್ಲೇಟ್ (ಎಲ್ಲಾ ಪುಟಕ್ಕೂ ಬಳಸೋ ಅಚ್ಚು) ಒಳಗೇ ಇಡಿ. ಜಿಲ್ಲೆ ಅನ್ನೋ ಜಾಗದಲ್ಲಿ ಉತ್ತರ ಕನ್ನಡ ಅಂತ ತುಂಬಿದ್ರೆ ವರ್ಗ ತಾನಾಗೇ ಬೀಳ್ಬೇಕು. ಇಲ್ಲಾಂದ್ರೆ ಒಬ್ರು "ಉತ್ತರ ಕನ್ನಡ" ಅಂತಾರೆ, ಇನ್ನೊಬ್ರು "ಉತ್ತರಕನ್ನಡ" ಅಂತಾರೆ, ವಿಕಿಗೆ ಅವೆರಡೂ ಬೇರೆಬೇರೆ ವರ್ಗ, ಅರ್ಧ ತಳಿ ಪಟ್ಟಿಲಿ ಕಾಣೋದೇ ಇಲ್ಲ, ಇಲ್ಲ ಅಂತ ಯಾರಿಗೂ ಗೊತ್ತೂ ಆಗಲ್ಲ. ದಿನ, ಎತ್ತರ, ಕಾಳಿನ ಬಣ್ಣ ಅಂತ ಕಾಲಂ ಜಾಸ್ತಿ ಆಗೋದಾದ್ರೆ ಕಾರ್ಗೋ ಎಕ್ಸ್‌ಟೆನ್ಷನ್ನೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಅದು ಟೆಂಪ್ಲೇಟ್ ಮಾಹಿತಿನ ಡೇಟಾಬೇಸ್ ಟೇಬಲ್ಲಲ್ಲೇ ಇಡುತ್ತೆ.

ಓದುಗ_ಹಾಸನ:
ಇದು ಕನ್ನಡ ವಿಕಿಪೀಡಿಯದಲ್ಲಿ ಆಗುತ್ತಾ?

ಪೈಪ್‌ಲೈನ್:
ಇಲ್ಲ. ದೊಡ್ಡ ವಿಕಿಲಿ ಈ ಥರ ಕ್ವೆರಿ ಡೇಟಾಬೇಸಿಗೆ ಭಾರಿ ಹೊರೆ. ಡಿಪಿಎಲ್‌ನ ಹಳೇ ರೂಪ ವಿಕಿನ್ಯೂಸಲ್ಲಿತ್ತು, 2021ರ ಜುಲೈಲಿ ರಷ್ಯನ್ ವಿಕಿನ್ಯೂಸಿನ ಪಟ್ಟಿಗಳಿಂದಾನೇ ವಿಕಿಪೀಡಿಯ ಸಮೇತ ಸ್ವಲ್ಪ ಹೊತ್ತು ಕೈಕೊಟ್ಟಿತ್ತು. ಕನ್ನಡ ವಿಕಿಪೀಡಿಯದಲ್ಲಿ ನೀವು ಪೆಟ್‌ಸ್ಕ್ಯಾನ್ (ವರ್ಗಗಳನ್ನ ಹೋಲಿಸಿ ಪಟ್ಟಿ ಕೊಡೋ ಜಾಲತಾಣ) ಬಳಸಿ, ಇಲ್ಲಾ ಹುಡುಕಾಟದಲ್ಲಿ ಇನ್‌ಕ್ಯಾಟಗರಿ (incategory:) ಎರಡು ಸಲ ಕೊಡಿ.

ಗದ್ದೆಬದು:
ಡಿಪಿಎಲ್3 ಹಾಕಿದೆ, ಕಗ್ಗ ಬಂತು! ಆದ್ರೆ ಉತ್ತರ ಕನ್ನಡದ ಕೆಳಗೆ ಕುಮಟಾ ಅನ್ನೋ ಉಪವರ್ಗದಲ್ಲಿರೋವು ಬರ್ತಿಲ್ಲ.

ಪೈಪ್‌ಲೈನ್:
ವರ್ಗದ ಹೆಸರಿನ ಮುಂದೆ ಒಂದು ನಕ್ಷತ್ರ ಚಿಹ್ನೆ (*) ಹಾಕಿ, ಒಂದು ಹಂತ ಕೆಳಗಿರೋ ಉಪವರ್ಗನೂ ಸೇರುತ್ತೆ. ಹಳೇ ಪಟ್ಟಿನೇ ಕಾಣಿಸ್ತಿದ್ರೆ ಪುಟ ಪರ್ಜ್ ಮಾಡಿ, ಅಂದ್ರೆ ಉಳಿಸಿಟ್ಟ ಹಳೇ ಪ್ರತಿ ಅಳಿಸಿ ಹೊಸದಾಗಿ ತೋರಿಸೋ ಹಾಗೆ ಮಾಡಿ.