ಕಾರು ನಿಲ್ಲಿಸಿ ‘ದಾಟಿ’ ಎಂದು ಕೈ ಬೀಸಿದರೆ ದಾಟಬೇಕೇ?

ಪ್ರಶ್ನೆ: ಬೆಳಗಿನ ನಡಿಗೆ, ಮೈಸೂರು

ನಾನು 67 ವರ್ಷದ ನಿವೃತ್ತ ಶಿಕ್ಷಕಿ. ಯಾವ ವಾಹನವನ್ನೂ ಓಡಿಸಲು ಕಲಿಯಲಿಲ್ಲವಾದ್ದರಿಂದ ಈ ಪ್ರಶ್ನೆಯನ್ನು ಓಡಿಸಬಲ್ಲವರ ಮುಂದೆ ಇಡುತ್ತಿದ್ದೇನೆ. ದಿನವೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಡಿ, ಎಂಟು ಗಂಟೆಯ ಹೊತ್ತಿಗೆ ಹುಣಸೂರು ರಸ್ತೆಯನ್ನು ದಾಟಿ ಮನೆಗೆ ಮರಳುತ್ತೇನೆ. ಶಾಲೆ, ಕಚೇರಿಗಳಿಗೆ ಹೊರಟವರ ಆ ಹೊತ್ತಿನಲ್ಲಿ ವಿಭಜಕದವರೆಗೆ ಒಂದು ಗಂಡಾಂತರ, ಅಲ್ಲಿಂದ ಆಚೆಗೆ ಇನ್ನೊಂದು.

ಕಳೆದ ವಾರ ನಾನು ರಸ್ತೆಯ ಅಂಚಿನಲ್ಲಿ ನಿಂತಿದ್ದನ್ನು ಕಂಡು ಕಾರೊಂದು ನಿಂತಿತು. ಚಾಲಕರು ನಗುಮುಖದಿಂದ ಕೈ ಬೀಸಿ, ದಾಟುವಂತೆ ಸೂಚಿಸಿದರು. ನಮಗಾಗಿ ನಿಂತವರನ್ನು ಕಾಯಿಸಬಾರದೆಂಬ ಮುಲಾಜಿಗೆ ಬಿದ್ದು ನಾನು ಅವಸರವಾಗಿಯೇ ಕಾಲಿಟ್ಟೆ. ಕಾರಿನ ಮೂತಿಯನ್ನು ದಾಟಿದ್ದೇ ತಡ, ಅದರ ಬಲಬದಿಯಿಂದ ನುಗ್ಗಿ ಬಂದ ಸ್ಕೂಟರೊಂದು ನನ್ನ ಕೈಚೀಲವನ್ನು ಸವರಿಕೊಂಡು ಹೋಯಿತು. ಚೀಲದಲ್ಲಿದ್ದ ಸೊಪ್ಪು ರಸ್ತೆಗೆ ಬಿತ್ತು. ಸವಾರ ತಿರುಗಿ ನೋಡಿ ಬೈದದ್ದು ನನ್ನನ್ನೇ. ಕಾರಿನವರು ಪೆಚ್ಚಾಗಿ ಕುಳಿತಿದ್ದರು. ಪಾಪ, ಅವರು ಮಾಡಿದ್ದು ಉಪಕಾರವೇ ಅಲ್ಲವೇ?

ಆ ದಿನದಿಂದ ಯಾರಾದರೂ ನಿಲ್ಲಿಸಿದರೆ ಸಂತೋಷಕ್ಕಿಂತ ಭಯವೇ ಹೆಚ್ಚಾಗುತ್ತದೆ. ಹೀಗೆ ಕೈ ಬೀಸಿದಾಗ ದಾಟಬೇಕೇ, ಅಥವಾ ಬೇಡವೆಂದು ತಲೆಯಾಡಿಸಿದರೆ ಅದು ಅವಮರ್ಯಾದೆಯಾಗುತ್ತದೆಯೇ? ಇನ್ನೂ ಒಂದು ಸಂದೇಹವಿದೆ. ಕೆಲವರು ದೂರದಿಂದಲೇ ಹೆಡ್‌ಲೈಟನ್ನು ಎರಡು ಬಾರಿ ಮಿನುಗಿಸುತ್ತಾರೆ. ಅದಕ್ಕೆ ‘ಬನ್ನಿ’ ಎಂದು ಅರ್ಥವೋ, ‘ಬರಬೇಡಿ’ ಎಂದೋ?

ಉತ್ತರ 1: ಸ್ಟಿಯರಿಂಗ್ ಹಿಂದಿನಿಂದ

ಅಮ್ಮಾ, ನಾನು ಇಪ್ಪತ್ತೆರಡು ವರ್ಷಗಳಿಂದ ಬಸ್ ಓಡಿಸುತ್ತಿದ್ದೇನೆ, ಅದರಲ್ಲಿ ಹೆಚ್ಚಿನ ಕಾಲ ಮೈಸೂರು ನಗರದೊಳಗೆ. ನಿಮಗೆ ಆದದ್ದು ಅಪರೂಪದ ಸಂಗತಿಯಲ್ಲ. ಇಂಥದ್ದನ್ನು ನಾವು ದಿನಕ್ಕೆ ನಾಲ್ಕು ಬಾರಿ ನೋಡುತ್ತೇವೆ. ನಿಂತ ವಾಹನವು ನಿಮಗೆ ದಾರಿ ಬಿಡುತ್ತದೆ ನಿಜ, ಆದರೆ ಅದೇ ಕ್ಷಣದಲ್ಲಿ ಅದು ನಿಮಗೂ ಹಿಂದಿನವರಿಗೂ ನಡುವೆ ಪರದೆಯಾಗಿಯೂ ನಿಲ್ಲುತ್ತದೆ. ಹಿಂದಿನ ಸವಾರನಿಗೆ ಕಾಣುವುದು ಕಾರಣವಿಲ್ಲದೆ ನಿಂತ ಒಂದು ಕಾರು ಮಾತ್ರ; ಯಾರನ್ನೋ ಇಳಿಸುತ್ತಿರಬೇಕೆಂದುಕೊಂಡು ಅವನು ಪಕ್ಕದಿಂದ ಮುಂದೆ ಹೋಗುತ್ತಾನೆ. ಕಾರೇ ಇಷ್ಟು ಮರೆ ಮಾಡುವುದಾದರೆ ಬಸ್ಸಿನ ಮರೆ ಎಷ್ಟೆಂದು ನೀವೇ ಯೋಚಿಸಿ.

ಲೆಕ್ಕ ಹೇಳುತ್ತೇನೆ. ಗಂಟೆಗೆ 40 ಕಿಲೋಮೀಟರ್ ವೇಗದ ಸ್ಕೂಟರ್ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ನಿಮ್ಮನ್ನು ಕಂಡು ಕೈ ಬ್ರೇಕಿಗೆ ಹೋಗುವ ಹೊತ್ತಿಗೆ ಆ ಒಂದು ಸೆಕೆಂಡು ಕಳೆದಿರುತ್ತದೆ, ಆಮೇಲೆ ನಿಲ್ಲಲು ಒಣ ರಸ್ತೆಯಲ್ಲೂ ಹೆಚ್ಚುಕಡಿಮೆ ಇನ್ನೊಂದು ಅಷ್ಟೇ ದೂರ ಬೇಕು. ನೀವು ಕಾರಿನ ಮೂತಿಯಿಂದ ಆಚೆ ಕಾಣಿಸಿಕೊಂಡಾಗ ಅವನು ಹತ್ತು ಮೀಟರ್ ದೂರದಲ್ಲಿದ್ದರೆ, ಅವನು ಎಷ್ಟೇ ಒಳ್ಳೆಯವನಾದರೂ ನಿಲ್ಲಿಸಲಾರ.

ಆದ್ದರಿಂದ ನನ್ನ ಉತ್ತರ ಇಷ್ಟು: ಕೈ ಬೀಸಿದವರು ತಮ್ಮ ವಾಹನದ ಬಗ್ಗೆ ಮಾತ್ರ ಮಾತು ಕೊಡಬಲ್ಲರು, ಪಕ್ಕದವರ ಬಗ್ಗೆ ಅಲ್ಲ. ನಿಂತ ವಾಹನದ ಮುಂದೆ ನಡೆಯಿರಿ, ಆದರೆ ಅದರ ಬಲ ಅಂಚಿಗೆ ಬಂದಾಗ ಮತ್ತೊಮ್ಮೆ ನಿಂತು, ಕತ್ತು ಚಾಚಿ ನೋಡಿ, ಅನಂತರ ಮುಂದಿನ ಹೆಜ್ಜೆಯಿಡಿ. ಅಲ್ಲಿ ನೀವು ಹತ್ತು ಸೆಕೆಂಡು ನಿಂತರೂ ನಿಮಗಾಗಿ ನಿಲ್ಲಿಸಿದವರು ಬೇಸರಿಸುವುದಿಲ್ಲ. ಬೇಸರಿಸಿದರೆ ಬೇಸರಿಸಲಿ.

ಬಸ್ಸಿನಿಂದ ಇಳಿದವರು ಅದರ ಮುಂದಿನಿಂದಲೇ ದಾಟುವ ಅಭ್ಯಾಸದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಾವು ಎತ್ತರದಲ್ಲಿ ಕುಳಿತಿರುತ್ತೇವೆ. ಬಂಪರಿಗೆ ಅಂಟಿಕೊಂಡಂತೆ ನಡೆಯುವ ಮಗುವಾಗಲಿ, ಕುಳ್ಳಗಿನ ಅಜ್ಜಿಯಾಗಲಿ ನಮ್ಮ ಗಾಜಿನ ಕೆಳಗೆ ಮರೆಯಾಗಿಬಿಡುತ್ತಾರೆ. ದಯವಿಟ್ಟು ಬಸ್ಸು ಹೊರಟುಹೋಗುವವರೆಗೆ ಕಾಯಿರಿ. ಮತ್ತೆ ಕೆಲವರು ಬರುತ್ತಿರುವ ಬಸ್ಸಿಗೆ ಅಂಗೈ ತೋರಿಸಿ ಫಕ್ಕನೆ ರಸ್ತೆಗೆ ಇಳಿದುಬಿಡುತ್ತಾರೆ. ನಾನು ಬ್ರೇಕ್ ಒತ್ತಬಲ್ಲೆ, ಆದರೆ ಒಳಗೆ ಕಂಬಿ ಹಿಡಿದು ನಿಂತಿರುವವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಉತ್ತರ 2: ಒಂಟಿಕೊಪ್ಪಲಿನವಳು

ನಾನು ಕೆಲಸದ ನಿಮಿತ್ತ ಆರು ವರ್ಷ ಬ್ರಿಟನ್ನಿನಲ್ಲಿದ್ದು, ಅಲ್ಲಿಯೇ ಮೊದಲ ಬಾರಿಗೆ ಕಾರು ಕಲಿತು ಬಂದವಳು. ಅಲ್ಲಿನ ಚಾಲಕರು ಸೌಜನ್ಯಶೀಲರೆಂದು ಎಲ್ಲರೂ ಹೊಗಳುತ್ತಾರೆ. ಹಾಗಿದ್ದೂ ಅಲ್ಲಿನ ಸಂಚಾರ ನಿಯಮಗಳ ಸಂಹಿತೆಯಾದ ಹೈವೇ ಕೋಡ್ ಪಾದಚಾರಿಗಳಿಗೆ ಕೈ ಬೀಸಿ ‘ದಾಟಿ’ ಎಂದು ಕರೆಯಬಾರದೆಂದು ಹೇಳುತ್ತದೆ ಎನ್ನುವುದು ನನಗೆ ಕಲಿಯುವಾಗ ವಿಚಿತ್ರವೆನಿಸಿತ್ತು. ಇನ್ನೊಂದು ವಾಹನ ಬರುತ್ತಿರಬಹುದು ಎಂಬುದೇ ಅದಕ್ಕೆ ಕೊಡುವ ಕಾರಣ, ಅಂದರೆ ಮೇಲಿನವರು ಹೇಳಿದ ಕಾರಣವೇ. ನಿಲ್ಲಬೇಕು, ತಾಳ್ಮೆಯಿಂದ ಕಾಯಬೇಕು, ದಾಟುವ ತೀರ್ಮಾನವನ್ನು ನಡೆಯುವವರಿಗೇ ಬಿಡಬೇಕು. 2022ರ ಜನವರಿಯಲ್ಲಿ ಆ ಸಂಹಿತೆಯನ್ನು ತಿದ್ದಿ, ಜೀಬ್ರಾ ಪಟ್ಟೆಯ ಬಳಿ ದಾಟಲು ಕಾಯುತ್ತಿರುವವರಿಗೂ ದಾರಿ ಬಿಡಬೇಕೆಂದು ಸೇರಿಸಿದರು. ಆದರೂ ಕೈ ಬೀಸಬಾರದೆಂಬ ಸೂಚನೆಯನ್ನು ತೆಗೆಯಲಿಲ್ಲ.

ಲೈಟಿನ ವಿಷಯದಲ್ಲಿ ನಾನೇ ಇಲ್ಲಿ ಪೇಚಿಗೆ ಸಿಲುಕಿದ್ದೇನೆ. ಅಲ್ಲಿನ ಸಂಹಿತೆಯ ಪ್ರಕಾರ ಲೈಟು ಮಿನುಗಿಸುವುದಕ್ಕೆ ‘ನಾನು ಇಲ್ಲಿದ್ದೇನೆ’ ಎಂಬ ಒಂದೇ ಅರ್ಥ. ಆದರೆ ಜನ ಬಳಕೆಯಲ್ಲಿ ಅದನ್ನು ‘ನೀವು ಹೋಗಿ’ ಎನ್ನಲು ಉಪಯೋಗಿಸುತ್ತಾರೆ. ನಮ್ಮಲ್ಲಿ ಲೈಟು ಹೊಡೆಯುವುದೆಂದರೆ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂದೇ ಅರ್ಥ. ಊರಿಗೆ ಮರಳಿದ ಮೊದಲ ತಿಂಗಳಲ್ಲಿ ಅಗ್ರಹಾರ ವೃತ್ತದ ಹತ್ತಿರ ವೃದ್ಧರೊಬ್ಬರಿಗೆ ದಾರಿ ಬಿಡುವ ಉದ್ದೇಶದಿಂದ ಲೈಟು ಮಿನುಗಿಸಿದೆ. ಅವರು ಬೆದರಿ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಹಿಂದೆ ನಿಂತಿದ್ದ ಸೈಕಲಿಗೆ ತಾಗಿದರು. ಆದ್ದರಿಂದ ಲೈಟು ಮಿನುಗಿದರೆ ನಮ್ಮ ಊರಿನಲ್ಲಿ ನಿಲ್ಲುವುದೇ ಸರಿ.

ನಮ್ಮಲ್ಲಿ ಕಾನೂನೇ ಇಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. 1989ರ ರಸ್ತೆ ನಿಯಮಗಳ ಬದಲಿಗೆ ಬಂದ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯು ಸಿಗ್ನಲ್ ಇಲ್ಲದ ದಾಟುಪಟ್ಟೆಯಲ್ಲಿ ಪಾದಚಾರಿಗೆ ದಾರಿ ಬಿಡಬೇಕೆಂದು ಸ್ಪಷ್ಟವಾಗಿಯೇ ಹೇಳುತ್ತದೆ. ನಡೆಯುವವರು, ಮಕ್ಕಳು, ವೃದ್ಧರು, ಅಂಗವಿಕಲರ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕೆಂದೂ ಹೇಳುತ್ತದೆ. ಅಂದಮೇಲೆ ಪಟ್ಟೆಯ ಮುಂದೆ ನಿಲ್ಲುವುದು ಉಪಕಾರವಲ್ಲ, ನಮ್ಮ ಪಾಲಿನ ಕೆಲಸ. ಉಪಕಾರವೆಂದು ನಾವು ಭಾವಿಸುವುದರಿಂದಲೇ ಕೈ ಬೀಸುತ್ತೇವೆ, ಹಾಗೆ ಭಾವಿಸುವುದರಿಂದಲೇ ನೀವೂ ದಾಕ್ಷಿಣ್ಯಕ್ಕೆ ಸಿಕ್ಕಿ ಓಡುತ್ತೀರಿ. ನಾನಂತೂ ಈಗ ಪಟ್ಟೆ ಇನ್ನೂ ದೂರವಿರುವಾಗಲೇ ವೇಗ ತಗ್ಗಿಸಿ, ಬ್ರೇಕ್ ದೀಪ ಹಿಂದಿನವರಿಗೆ ಕಾಣುವಂತೆ ಮಾಡಿ, ಪಟ್ಟೆಗಿಂತ ಒಂದು ಕಾರಿನಷ್ಟು ಹಿಂದೆಯೇ ನಿಲ್ಲುತ್ತೇನೆ. ಹಾಗೆ ನಿಂತರೆ ಪಕ್ಕದಲ್ಲಿ ಬರುವವನಿಗೆ ದಾಟುವವರು ಮೊದಲೇ ಕಾಣುತ್ತಾರೆ. ಆ ಖಾಲಿ ಜಾಗಕ್ಕೆ ಯಾರಾದರೂ ಆಟೋ ತಂದು ತೂರಿಸುವುದೂ ಉಂಟು, ಅದು ಬೇರೆ ಮಾತು.

ಉತ್ತರ 3: ಗೇರ್ ಇಲ್ಲದ ಸ್ಕೂಟರ್

ನಾನು ಆ ದಿನದ ಸವಾರನಲ್ಲ, ಆದರೆ ಅವನಂಥವನೇ. ಒಂದು ವಿಷಯವನ್ನು ಯಾರೂ ಹೇಳುತ್ತಿಲ್ಲ. ಕಾರುಗಳು ಎಲ್ಲೆಂದರಲ್ಲಿ ನಿಲ್ಲುವುದು ನಮ್ಮ ರಸ್ತೆಗಳಲ್ಲಿ ಸಾಮಾನ್ಯ: ಒಬ್ಬರು ಎಳನೀರಿಗೆ, ಇನ್ನೊಬ್ಬರು ಫೋನಿಗೆ, ಮತ್ತೊಬ್ಬರು ಮಗನನ್ನು ಇಳಿಸುವುದಕ್ಕೆ. ಹಾಗೆ ನಿಂತ ಪ್ರತಿಯೊಂದು ಕಾರಿನ ಹಿಂದೆಯೂ ನಾವು ನಿಂತು ಕಾಯುತ್ತಾ ಹೋದರೆ ಕೆಲಸಕ್ಕೆ ತಲುಪುವುದು ಮಧ್ಯಾಹ್ನ. ನಿಂತ ಕಾರನ್ನು ಕಂಡಾಗ ವೇಗ ತಗ್ಗಿಸಬೇಕೆಂಬುದನ್ನು ಒಪ್ಪುತ್ತೇನೆ. ನಿಲ್ಲಲೇಬೇಕೆಂದರೆ ಅದು ಆಗದ ಮಾತು. ದೇವರಾಜ ಅರಸು ರಸ್ತೆಯಲ್ಲಿ ಫೋನ್ ನೋಡುತ್ತಾ ಪಟ್ಟೆಯಿಲ್ಲದ ಕಡೆ ಇಳಿಯುವವರ ಬಗ್ಗೆಯೂ ಯಾರಾದರೂ ಬರೆಯಲಿ.

ಉತ್ತರ 4: ಕಬ್ಬಿನ ಸೀಮೆ, ಮಂಡ್ಯ

ನಿಮ್ಮ ನಗರದಲ್ಲಿ ಪಟ್ಟೆಯಾದರೂ ಇದೆ. ನಮ್ಮ ಕಡೆ ವಿಶ್ವೇಶ್ವರಯ್ಯ ನಾಲೆಯ ಪಕ್ಕದ ರಸ್ತೆಗಳಲ್ಲಿ ಪಟ್ಟೆಯೂ ಇಲ್ಲ, ಫುಟ್‌ಪಾತೂ ಇಲ್ಲ, ದೀಪವೂ ಇಲ್ಲ. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ ಹಾಕಲು ಗದ್ದೆಗೆ ನಡೆದುಹೋಗುವವರು ನಾವು. ಎದುರಿಗೆ ಕಾರು ಬಂದರೆ ಲೈಟನ್ನು ಡಿಮ್ ಮಾಡುವ ಚಾಲಕರು, ಎದುರಿಗೆ ಮನುಷ್ಯ ನಡೆದು ಬಂದರೆ ಮಾಡುವುದಿಲ್ಲ. ನಡೆಯುವವನಿಗೂ ಎರಡು ಕಣ್ಣಿವೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲವೋ ಏನೋ. ಕಣ್ಣು ಕುಕ್ಕಿದ ಆ ಕ್ಷಣದಲ್ಲಿ ಡಾಂಬರಿನ ಅಂಚು ಎಲ್ಲಿದೆ, ನಾಲೆ ಎಲ್ಲಿದೆ ಎಂದು ನಮಗೆ ತಿಳಿಯುವುದಿಲ್ಲ. ಎರಡು ವಾಹನಗಳು ಎದುರುಬದುರಾಗಿ ಬಂದರಂತೂ ನಡುವೆ ನಡೆಯುವವನು ಚಾಲಕರ ಕಣ್ಣಿಗೂ ಕಾಣದೆ ಮಾಯವಾಗುತ್ತಾನೆ.

ನಡೆಯುವವರಾಗಿ ನಾವು ಮಾಡಬಹುದಾದದ್ದೂ ಇದೆ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಬರುವ ವಾಹನಕ್ಕೆ ಮುಖ ಮಾಡಿ ನಡೆಯಬೇಕು. ಎಡಕ್ಕೇ ನಡೆಯಬೇಕೆಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಅದನ್ನು ಬಿಡಲು ನನಗೆ ಬಹಳ ದಿನ ಹಿಡಿಯಿತು. ಕೈಯಲ್ಲಿ ಟಾರ್ಚ್ ಇದ್ದರೆ ಅದನ್ನು ಚಾಲಕನ ಮುಖಕ್ಕೆ ಬಿಡಬಾರದು, ನಮ್ಮ ಕಾಲಿನ ಮೇಲೆ ಬಿಟ್ಟುಕೊಳ್ಳಬೇಕು; ಚಲಿಸುವ ಬಿಳಿ ಪಂಚೆ ದೂರಕ್ಕೆ ಕಾಣುತ್ತದೆ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರಾಕ್ಟರುಗಳಿಗೆ ಪ್ರವೇಶವಿಲ್ಲ. ಅವೆಲ್ಲ ಈಗ ಸರ್ವಿಸ್ ರಸ್ತೆಯಲ್ಲಿವೆ, ಹಳ್ಳಿಯವರು ನಡೆಯುವುದೂ ಅಲ್ಲಿಯೇ. ಬೈಕುಗಳು ಎದುರು ದಿಕ್ಕಿನಲ್ಲಿಯೂ ಬರುವುದರಿಂದ ಅಲ್ಲಿ ಎಡ–ಬಲದ ಮಾತೇ ಉಳಿದಿಲ್ಲ. ದಾಟುವಾಗ ಎರಡೂ ಕಡೆ ನೋಡಿಯೇ ಇಳಿಯುತ್ತೇವೆ.

ಮತ್ತೆ: ಬೆಳಗಿನ ನಡಿಗೆ

ಎಲ್ಲರಿಗೂ ಕೃತಜ್ಞತೆಗಳು. ಮೂರನೆಯವರ ಮಾತಿನಲ್ಲಿಯೂ ನಿಜವಿದೆ. ನಾನೂ ಒಮ್ಮೊಮ್ಮೆ ಪಟ್ಟೆಯವರೆಗೆ ನಡೆಯುವ ಸೋಮಾರಿತನದಿಂದ ನಡುವೆಯೇ ಇಳಿದದ್ದುಂಟು.

ಇಂದು ಬೆಳಿಗ್ಗೆ ಪಟ್ಟೆಯ ಬಳಿಯೇ ಕಾದೆ. ಮೂರು ಕಾರುಗಳು ನಿಲ್ಲದೆ ಹೋದವು, ನಾಲ್ಕನೆಯದು ನಿಂತಿತು. ಚಾಲಕಿ ಕೈ ಬೀಸಿದರು. ನಾನು ಕೈ ಎತ್ತಿ ವಂದಿಸಿ, ಬಸ್ ಚಾಲಕರು ಹೇಳಿದಂತೆ ಕಾರಿನ ಬಲ ಅಂಚಿನಲ್ಲಿ ನಿಂತು ಇಣುಕಿದೆ. ಎರಡು ಸ್ಕೂಟರುಗಳು ಸರ್ರನೆ ಹೋದವು. ಮೂರನೆಯವನು ನನ್ನ ಇಣುಕುವ ತಲೆಯನ್ನು ಕಂಡು ನಿಲ್ಲಿಸಿದ. ಅಷ್ಟರಲ್ಲಿ ಹಿಂದಿನಿಂದ ಹಾರನ್ ಶುರುವಾಗಿತ್ತು. ಕಾರಿನ ಆ ಹೆಣ್ಣುಮಗಳು ಮಾತ್ರ ನಾನು ವಿಭಜಕವನ್ನು ಹತ್ತುವವರೆಗೂ ಅಲುಗಾಡಲಿಲ್ಲ. ಉಳಿದ ಅರ್ಧ ರಸ್ತೆಗೆ ಇನ್ನೂ ಐದು ನಿಮಿಷ ಹಿಡಿಯಿತು.