ಮೆಕ್ಸಿಕನ್ ಬೇಸ್‌ಬಾಲ್ ಆಟಗಾರನ ಬಗ್ಗೆ ಬರೆಯುವಾಗ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ಅಮೆರಿಕದ ಲಾಸ್ ಏಂಜಲೀಸ್ ಡಾಜರ್ಸ್ ತಂಡದ ಪಿಚರ್ (ಚೆಂಡು ಎಸೆಯುವ ಆಟಗಾರ) ಫರ್ನಾಂಡೊ ವಲೆನ್ಸುವೆಲಾ (1960–2024) ಬಗ್ಗೆ ಕನ್ನಡದಲ್ಲಿ ಪರಿಚಯ ಲೇಖನ ಬರೆಯಬೇಕಿದೆ. ಕ್ರಿಕೆಟ್ ಲೆಕ್ಕ ಗೊತ್ತು, ಬೇಸ್‌ಬಾಲ್ ಹೊಸದು. ಅವರ ವರ್ಷವಾರು ಅಂಕಿಗಳ ಪಟ್ಟಿಯಲ್ಲಿ 1992 ಖಾಲಿ ಇದೆ. ಆ ವರ್ಷ ಆಡಲೇ ಇಲ್ಲವೇ? ತಿಳಿದವರು ದಾರಿ ತೋರಿಸಿ.

ಸ್ಕೋರ್‌ಬುಕ್: ಆಡಿದ್ದಾರೆ, ಮೆಕ್ಸಿಕೋದ ಚಾರೋಸ್ ದೆ ಹಾಲಿಸ್ಕೊ ತಂಡಕ್ಕೆ. ನೀವು ನೋಡಿರೋದು ಮೇಜರ್ ಲೀಗ್ (ಅಮೆರಿಕದ ಅತಿ ಮೇಲಿನ ಲೀಗ್) ಪಟ್ಟಿ ಮಾತ್ರ. ಮೆಕ್ಸಿಕೋದವರದ್ದು ಮೂರು ಖಾತೆ: ಬೇಸಿಗೆಯ ಮೆಕ್ಸಿಕನ್ ಲೀಗ್, ಅಕ್ಟೋಬರ್‌ನಲ್ಲಿ ಶುರುವಾಗುವ ಪೆಸಿಫಿಕ್ ಲೀಗ್, ಆಮೇಲೆ ಅಮೆರಿಕದ್ದು. ಬೇಸಿಗೆ ಲೀಗ್‌ಗೆ 1967ರಲ್ಲಿ ಟ್ರಿಪಲ್-ಎ (ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ) ದರ್ಜೆ ಸಿಕ್ಕಿದ್ದರಿಂದ ಅವರ ಕಾಲದ ಅಂಕಿಗಳನ್ನು ಮೈನರ್ ಲೀಗ್ ದಾಖಲೆಗಳಲ್ಲಿ ಹುಡುಕಿ. ಚಳಿಗಾಲದ ಸೀಸನ್‌ಗೆ ಎರಡು ಇಸವಿ ಬರುತ್ತೆ, ಅಲ್ಲಿ ವರ್ಷ ತಪ್ಪೋದು ಜಾಸ್ತಿ. ಮೂರನ್ನೂ ಕೂಡಿಸಿ ಒಂದೇ ಮೊತ್ತ ಕೊಡಬೇಡಿ. 173 ಗೆಲುವು, 153 ಸೋಲು ಅನ್ನೋದು ಮೇಜರ್ ಲೀಗ್ ಲೆಕ್ಕ ಮಾತ್ರ.

ಎಡಗೈ: ಕ್ರಿಕೆಟ್‌ನವರು ಎಡವೋದು ಚುಕ್ಕಿಯಲ್ಲಿ. 1981ರಲ್ಲಿ 192.1 ಇನ್ನಿಂಗ್ಸ್ ಅಂತಿರುತ್ತೆ. ಆ .1 ಅಂದ್ರೆ ಒಂದು ಔಟ್, ಇನ್ನಿಂಗ್ಸ್‌ನ ಮೂರನೇ ಒಂದು ಭಾಗ; ಮೂರು ಔಟ್ ಆದರೆ ಇನ್ನಿಂಗ್ಸ್ ಪೂರ್ತಿ, ಹಾಗಾಗಿ .3 ಬರೋದೇ ಇಲ್ಲ. ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ಸರಾಸರಿ ರನ್) ತೆಗೆಯೋದು ಹೀಗೆ: ಪಿಚರ್ ಲೆಕ್ಕಕ್ಕೆ ಬಿದ್ದ 53 ರನ್‌ಗಳನ್ನು 9ರಿಂದ ಗುಣಿಸಿ (477), 192.333ರಿಂದ ಭಾಗಿಸಿ. 2.48 ಬರುತ್ತೆ. ಫೀಲ್ಡರ್ ತಪ್ಪಿನಿಂದ ಬಂದ ರನ್ ಇದರಲ್ಲಿ ಸೇರಲ್ಲ.

ಆ ವರ್ಷ 13 ಗೆಲುವು ಕಡಿಮೆ ಅನ್ನಿಸಬಹುದು. ಆಟಗಾರರ ಮುಷ್ಕರದಿಂದ ಡಾಜರ್ಸ್ ಆಡಿದ್ದೇ 110 ಪಂದ್ಯ, ಸಾಮಾನ್ಯವಾಗಿ 162. ಇದನ್ನು ಬರೆಯದಿದ್ದರೆ ಅದೇ ವರ್ಷ ಸೈ ಯಂಗ್ ಪ್ರಶಸ್ತಿ (ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡೋದು), ಹೊಸ ಆಟಗಾರನ ಪ್ರಶಸ್ತಿ ಎರಡೂ ಯಾಕೆ ಬಂತು ಅಂತ ಓದುಗರಿಗೆ ತಿಳಿಯಲ್ಲ. ಮೊದಲ ಎಂಟು ಪಂದ್ಯ ಎಂಟೂ ಗೆಲುವು, ಐದರಲ್ಲಿ ಎದುರಾಳಿಗೆ ಒಂದೂ ರನ್ ಇಲ್ಲ. ಲೇಖನದ ಜೀವ ಇಲ್ಲೇ ಇದೆ, ಇದಕ್ಕೆ ಜಾಗ ಕೊಡಿ.

ಪ್ರಶ್ನೆ ಕೇಳಿದವರು: ಅವರ ಹೆಸರಾಂತ ಎಸೆತ ಸ್ಕ್ರೂಬಾಲ್ ಬಗ್ಗೆ ಹೇಗೆ ವಿವರಿಸಲಿ?

ಎಡಗೈ: ರವೀಂದ್ರ ಜಡೇಜಾ ಚೆಂಡು ಬಲಗೈ ಬ್ಯಾಟರ್‌ನಿಂದ ಹೊರಗೆ ತಿರುಗುವ ದಿಕ್ಕು ಅನ್ನಿ, ಆದರೆ ತಿರುವು ಪುಟಿದ ಮೇಲಲ್ಲ, ಗಾಳಿಯಲ್ಲೇ. ಕರ್ವ್‌ಬಾಲ್‌ಗೆ (ಬೇಸ್‌ಬಾಲ್‌ನ ಸಾಮಾನ್ಯ ತಿರುವು ಎಸೆತ) ಮಣಿಕಟ್ಟು ತಿರುಗುವುದಕ್ಕೆ ವಿರುದ್ಧ ದಿಕ್ಕಿಗೆ ಇಲ್ಲಿ ತಿರುಗಿಸಬೇಕು. ಕಲಿಸಿದ್ದು ಡಾಜರ್ಸ್‌ನ ಬಾಬಿ ಕಾಸ್ಟಿಯೊ. 1988ರ ಭುಜದ ನೋವಿಗೆ ಸ್ಕ್ರೂಬಾಲ್ ಒಂದೇ ಕಾರಣ ಅಂತ ಬರೆದುಬಿಡಬೇಡಿ. 1986ರಲ್ಲಿ 269.1 ಇನ್ನಿಂಗ್ಸ್, 20 ಪಂದ್ಯ ಮೊದಲಿಂದ ಕೊನೆವರೆಗೆ ಒಬ್ಬರೇ ಎಸೆದಿದ್ದಾರೆ. ಮರುವರ್ಷ ಮತ್ತೆ 251. ಆ ಹೊರೆಯನ್ನು ಪಕ್ಕದಲ್ಲೇ ಇಡಿ.

ಸೊನೋರಾ: ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) ಆಯ್ಕೆ ಆದರು ಅಂತ ಬರೆಯಬೇಡಿ. ಮೆಕ್ಸಿಕೋದಲ್ಲಿ ಆಟಗಾರನ ಹಕ್ಕು ಕ್ಲಬ್ ಕೈಲಿರುತ್ತಿತ್ತು. 1979ರ ಜುಲೈಯಲ್ಲಿ ಡಾಜರ್ಸ್ ಮೆಕ್ಸಿಕನ್ ಕ್ಲಬ್‌ಗೆ 1,20,000 ಡಾಲರ್ ಕೊಟ್ಟು ಒಪ್ಪಂದ ಕೊಂಡುಕೊಂಡಿತು. ಪತ್ತೆ ಮಾಡಿದ ಸ್ಕೌಟ್ ಮೈಕ್ ಬ್ರಿಟೊ. ಆ ಬೇಸಿಗೆ ಯುಕಾತಾನ್ ತಂಡದಲ್ಲಿ ಅವರ ಲೆಕ್ಕ 10 ಗೆಲುವು, 12 ಸೋಲು. ಇಆರ್‌ಎ ಮಾತ್ರ 2.49. ಗೆಲುವು-ಸೋಲಿನಿಂದಲೇ ಪಿಚರ್‌ನನ್ನು ಅಳೆಯಬಾರದು ಅನ್ನೋದಕ್ಕೆ ಇದೇ ಉದಾಹರಣೆ ಸಾಕು.

ಸ್ಪ್ಯಾನಿಷ್‌ನಲ್ಲಿ ಹುಡುಕುವಾಗ "ವಲೆನ್ಸುವೆಲಾ ಆಂಗ್ವಾಮೆಯಾ" ಅಂತಲೂ ಹಾಕಿ. ಎರಡನೆಯದು ತಾಯಿಯ ಕಡೆಯ ಹೆಸರು. ಅವರ ಮಗನೂ ಫರ್ನಾಂಡೊ, ಅವನೂ ಬೇಸ್‌ಬಾಲ್ ಆಟಗಾರನೇ. ಇಸವಿ ನೋಡದೆ ಅಂಕಿ ಎತ್ತಿಕೊಳ್ಳಬೇಡಿ.